ಮನೆಮಾತು ಮತ್ತು ಕಾವ್ಯದ ಮಾತು

ಜನಗಣತಿಯ ನಮೂನೆಯಲ್ಲಿ ಮಾತೃಭಾಷೆಗೆ ಒಂದು ಸ್ಥಾನ, ಬಲ್ಲ ಇತರ ಭಾಷೆಗಳಿಗೆ ಎರಡು. ಮಂಜೇಶ್ವರದ ಕಡೆಯ ಒಂದು ಮನೆಯನ್ನು ನೆನೆಯೋಣ: ಆಡುವುದು ತುಳು, ಹಿರಿಯರು ಓದಿದ್ದು ಕನ್ನಡ, ಕಚೇರಿಗೆ ಮಲಯಾಳ, ಮೇಲೆ ಇಂಗ್ಲಿಷ್. ಎರಡು ಸ್ಥಾನಕ್ಕೆ ಮೂರು ಭಾಷೆಗಳಾದವು, ಒಂದು ಹೊರಗುಳಿಯಲೇಬೇಕು. ಎಷ್ಟು ಚೆನ್ನಾಗಿ ಬಲ್ಲಿರಿ ಎಂಬ ಪ್ರಶ್ನೆಯಂತೂ ಅಲ್ಲಿಲ್ಲ.

ಈ ಅಳತೆಗೋಲನ್ನು ಹಿಡಿದು ಕಾಸರಗೋಡಿನ ಕನ್ನಡ ಸಾಹಿತ್ಯವನ್ನು ಅಳೆಯಹೊರಟರೆ ಮೊದಲು ಕೈತಪ್ಪುವವರು ಗೋವಿಂದ ಪೈಗಳೇ. ಅವರ ಮನೆಮಾತು ಕೊಂಕಣಿ. ಕಯ್ಯಾರ ಕಿಞ್ಞಣ್ಣ ರೈಗಳದು ತುಳು. ಸನ್ಮಾನದ ಭಾಷಣಗಳಲ್ಲಿ ನಾವು ಇದನ್ನು ಮರೆಯುತ್ತೇವೆ; ವಿಮರ್ಶೆಯಲ್ಲಿ ಮರೆತರೆ ಕಾವ್ಯವೇ ತಿಳಿಯದು.

ಪೈಗಳ ಪದ್ಯ ಕಠಿಣ, ಪಾಂಡಿತ್ಯದ ಭಾರ ಹೆಚ್ಚು ಎಂಬ ದೂರು ಹಳೆಯದು. ತರಗತಿಯಲ್ಲಿ ನಾವೂ ಹಾಗೆಯೇ ಹೇಳಿದ್ದುಂಟು. ಈಗ ನಮಗೆ ಬೇರೆ ತೋರುತ್ತದೆ. ಅವರಿಗೆ ಕನ್ನಡ ಒಲೆಯ ಬಳಿಯಿಂದ ಬಂದುದಲ್ಲ, ಗ್ರಂಥಗಳಿಂದ ಬಂದುದು. ಹಳಗನ್ನಡದ ಶಬ್ದವೂ ಸಂಸ್ಕೃತದ ಸಮಾಸವೂ ಅವರಿಗೆ ಸಮಾನವಾಗಿ ಹತ್ತಿರ. ಹೀಗೆ ಸಂಪಾದಿಸಿದ ಭಾಷೆಯಾದುದರಿಂದಲೇ, 1911ರಲ್ಲಿ ದ್ವಿತೀಯಾಕ್ಷರ ಪ್ರಾಸವನ್ನು ಕೈಬಿಡುವ ಧೈರ್ಯ ಅವರಿಗೆ ಸುಲಭವಾಯಿತೇನೋ. ‘ಗೊಲ್ಗೊಥಾ’ದಲ್ಲಿ ಯೇಸುವಿನ ಅಂತ್ಯದಿನವನ್ನು ಹೇಳುವಾಗ ಆ ಗಡಸುತನ ದೋಷವಲ್ಲ, ವಸ್ತುವಿಗೆ ತಕ್ಕ ಗಾಂಭೀರ್ಯ. ಬಿಡಿ ಪದ್ಯಗಳಲ್ಲಿ ಅದೇ ಗಡಸು ಕೆಲವೊಮ್ಮೆ ಭಾವವನ್ನು ಮುಚ್ಚುತ್ತದೆ ಎಂಬುದನ್ನೂ ಒಪ್ಪಲೇಬೇಕು.

ಕಯ್ಯಾರರ ದಾರಿ ಬೇರೆ. ಪೆರಡಾಲದ ನವಜೀವನ ಶಾಲೆಯಲ್ಲಿ ಅಧ್ಯಾಪಕರಾಗಿದ್ದ ಅವರ ಕನ್ನಡ ಹುಡುಗರಿಗೂ ತಿಳಿಯುವ ಕನ್ನಡ. ತುಳುವಿನಲ್ಲಿಯೂ ಬರೆದರು. ಗಡಿ ಹೋರಾಟದ ಪದ್ಯಗಳಲ್ಲಿ ಘೋಷಣೆ ಕವಿತೆಯನ್ನು ಮೀರಿದೆ ಎಂದರೆ ನಮ್ಮವರೇ ಮುನಿದಾರು. ಆದರೂ ನಮ್ಮ ಅಭಿಪ್ರಾಯ ಅದೇ. ದುಡಿಯುವವರ ಕುರಿತು ಬರೆದಲ್ಲಿ ಅವರು ಹೆಚ್ಚು ದೊಡ್ಡವರು.

ಇಬ್ಬರಿಗೂ ಕನ್ನಡ ಓದಿನಿಂದ ಕೈಗೂಡಿದ ಭಾಷೆ. ಮದರಾಸಿನಲ್ಲಿ ಓದಿದ ಪೈಗಳಿಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತಿತ್ತು. ಅದು ಕನ್ನಡದ ಜಾಗವನ್ನು ಕೇಳಲಿಲ್ಲ. ಇಂದು ಕೇಳುತ್ತಿದೆ. ಮನೆಯಲ್ಲಿ ತುಳು ಉಳಿದಿದೆ, ಪೇಟೆಯಲ್ಲಿ ಮಲಯಾಳ ಬೆಳೆದಿದೆ. ಇಂಗ್ಲಿಷ್ ಮಾಧ್ಯಮಕ್ಕಾಗಿ ತೆರವಾದದ್ದು ಶಾಲೆಯ ಕನ್ನಡದ ಪೀಠ. ಮನೆಮಾತಿನ ಲೆಕ್ಕದಲ್ಲಿ ಈ ನಷ್ಟ ಕಾಣಿಸುವುದೇ ಇಲ್ಲ. ಪ್ರತಿಯಾಗಿ ದೊರೆತ ಇಂಗ್ಲಿಷ್ ಎಷ್ಟು? ಪಾಠವನ್ನು ತಡವರಿಸದೆ ಓದಿ, ಓದಿದ್ದನ್ನು ನಾಲ್ಕು ವಾಕ್ಯಗಳಲ್ಲಿ ಹೇಳಲಾರದ ಮಕ್ಕಳನ್ನು ನಾವು ಬಹಳ ಕಂಡಿದ್ದೇವೆ.

ಕುಂಬಳೆಯ ಪಾರ್ತಿಸುಬ್ಬನ ಪ್ರಸಂಗಗಳನ್ನು ತುಳು ಮನೆಗಳವರು ತಲೆಮಾರುಗಳಿಂದ ಕನ್ನಡದಲ್ಲೇ ಕೇಳಿ ಸವಿದವರು. ಕಳೆದ ವರ್ಷ ಒಂದು ತಾಳಮದ್ದಳೆಗೆ ಮೊಮ್ಮಗನನ್ನು ಕರೆದೊಯ್ದಿದ್ದೆವು. ಅರ್ಥಧಾರಿಗಳ ಮಾತು ಮುಗಿದಾಗಲೆಲ್ಲ ಅವನು ನಮ್ಮ ತೋಳು ಹಿಡಿದು ತುಳುವಿನಲ್ಲಿ ಅರ್ಥ ಕೇಳುತ್ತಿದ್ದ. ಹೇಳಿದೆವು. ಸಭೆಯೆಲ್ಲ ನಕ್ಕು ಸುಮ್ಮನಾದ ಮೇಲೆ ಅವನೊಬ್ಬನೇ ನಕ್ಕನು.