ಎಲ್ಲಿ ಬರೆದಿದೆ? – ಮರಿಯಮ್ಮನವರ ಸ್ವರ್ಗಸ್ವೀಕಾರಕ್ಕೆ ಬೈಬಲಿನ ಆಧಾರ

ಬಳ್ಳಾರಿ ಸೀಮೆಯ ಕ್ರೈಸ್ತರಿಗೆ ಬೈಬಲ್ ತೆರೆದು ವಾದಿಸುವುದು ಹೊಸದಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎರಡು ದಶಕಗಳ ದುಡಿಮೆಯಲ್ಲಿ, 1831ರ ಹೊತ್ತಿಗೆ, ಇಡೀ ಬೈಬಲನ್ನು ಕನ್ನಡಕ್ಕೆ ತಂದರು. ಹಾಗಾಗಿ ಇಲ್ಲಿ ಕಥೋಲಿಕರ ನೆರೆಯಲ್ಲೇ ಬೈಬಲನ್ನು ಬಲ್ಲ ಪ್ರಾಟೆಸ್ಟೆಂಟರಿದ್ದಾರೆ. ಆಗಸ್ಟ್ 15 ಬಂತೆಂದರೆ ಸಿರುಗುಪ್ಪದ ಕಡೆ ಗದ್ದೆಯಲ್ಲಿ ಭತ್ತದ ನಾಟಿ, ಶಾಲೆಯಲ್ಲಿ ಧ್ವಜಾರೋಹಣ. ಕಥೋಲಿಕರಿಗೆ ಅದೇ ದಿನ ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಮಹೋತ್ಸವ. ಆಗ ನೆರೆಯವರು ಕೇಳುವ ಪ್ರಶ್ನೆ ನ್ಯಾಯವಾದದ್ದೇ: ಮರಿಯಮ್ಮ ಆತ್ಮ ಶರೀರ ಸಮೇತ ಸ್ವರ್ಗ ಸೇರಿದರೆಂದು ಬೈಬಲಿನಲ್ಲಿ ಎಲ್ಲಿ ಬರೆದಿದೆ?

ಎಲ್ಲಿಯೂ ಬರೆದಿಲ್ಲ. ಹೀಗೆ ಹೇಳಲು ಕಥೋಲಿಕರು ಅಂಜಬೇಕಾಗಿಲ್ಲ. ಅಂಜಿಕೊಂಡು ಕೈಗೆ ಸಿಕ್ಕ ವಚನಗಳನ್ನೆಲ್ಲ ಸಾಕ್ಷಿಗೆ ಎಳೆದು ತಂದಾಗಲೇ ಈ ನಂಬಿಕೆ ಸೊರಗಿ ಕಾಣುತ್ತದೆ.

ಮರಿಯಮ್ಮನವರ ಬದುಕಿನ ಬಗ್ಗೆ ಬೈಬಲಿನ ಕಥನ ಪ್ರೇಷಿತರ ಕಾರ್ಯಕಲಾಪಗಳ ಮೊದಲ ಅಧ್ಯಾಯದ 14ನೆಯ ವಚನಕ್ಕೆ ನಿಲ್ಲುತ್ತದೆ. ಅಲ್ಲಿ ಅವರು ಶಿಷ್ಯರೊಡನೆ ಪ್ರಾರ್ಥನೆಯಲ್ಲಿದ್ದಾರೆ. ಆಮೇಲೆ ಎಲ್ಲಿದ್ದರು, ಹೇಗೆ ತೀರಿಕೊಂಡರು, ಒಂದು ಮಾತೂ ಇಲ್ಲ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಸಂತ ಎಪಿಫೇನಿಯಸ್ ಕೂಡ ಅವರ ಅಂತ್ಯವನ್ನು ಬಲ್ಲವರು ಯಾರೂ ಇಲ್ಲವೆಂದೇ ಬರೆದ. ಪ್ರೇಷಿತರೆಲ್ಲ ಮೋಡಗಳ ಮೇಲೆ ಬಂದು ಅವರ ಹಾಸಿಗೆಯ ಸುತ್ತ ನೆರೆದರೆಂಬ ಕಥೆಗಳು ಹರಡಿದ್ದು ಅದರ ನಂತರ. ಅವು ಭಕ್ತಿಯ ಚರಿತ್ರೆಗೆ ಬೆಲೆಯುಳ್ಳವು, ಪುರಾವೆಯಾಗಲಾರವು.

ಇನ್ನು ಪೋಪ್ ಹನ್ನೆರಡನೆಯ ಪಿಯುಸ್ ಹೊರಡಿಸಿದ ಘೋಷಣಾಪತ್ರ. ಬಳ್ಳಾರಿ ಧರ್ಮಕ್ಷೇತ್ರ ಸ್ಥಾಪನೆಯಾದ ಮರುವರ್ಷ, 1950ರ ನವೆಂಬರ್ 1ರಂದು, ಅವರು ಸ್ವರ್ಗಸ್ವೀಕಾರವನ್ನು ವಿಶ್ವಾಸ ಸತ್ಯವೆಂದು ಸಾರಿದರು. ಅದಕ್ಕೂ ಮುನ್ನ 1946ರಲ್ಲಿ ಜಗತ್ತಿನ ಧರ್ಮಾಧ್ಯಕ್ಷರೆಲ್ಲರ ಅಭಿಪ್ರಾಯ ಕೇಳಿದ್ದರು. ಘೋಷಣೆಯ ಮಾತು ತೂಕದ್ದು. ಇಹಲೋಕದ ಬದುಕು ಮುಗಿದ ಮೇಲೆ ಎಂದಷ್ಟೇ ಹೇಳಿ, ಮರಿಯಮ್ಮ ಸತ್ತರೋ ಇಲ್ಲವೋ ಎಂಬುದನ್ನು ತೀರ್ಮಾನಿಸದೆ ಬಿಡುತ್ತದೆ. ಪ್ರಬೋಧಕರು ಪವಿತ್ರ ಗ್ರಂಥದ ಮಾತುಗಳನ್ನು ಈ ವಿಷಯಕ್ಕೆ ತುಸು ಸ್ವಚ್ಛಂದವಾಗಿ ಬಳಸಿದ್ದಾರೆ ಎಂದು ಪತ್ರವೇ ಒಪ್ಪಿಕೊಳ್ಳುತ್ತದೆ. ಈ ಪ್ರಾಮಾಣಿಕತೆ ದೊಡ್ಡದು. ಆದರೆ ಮರುಗಳಿಗೆಯಲ್ಲೇ ಒಡಂಬಡಿಕೆಯ ಮಂಜೂಷ, ಪರಮಗೀತೆಯ ವಧು, ಕೀರ್ತನೆಯ ರಾಣಿ ಎಲ್ಲರೂ ಸಾಲುಗಟ್ಟಿ ಬರುತ್ತಾರೆ. ಧ್ಯಾನಕ್ಕೆ ಒದಗುವ ರೂಪಕವನ್ನೂ ತರ್ಕಕ್ಕೆ ಒದಗುವ ವಚನವನ್ನೂ ಓದುಗ ಬೇರ್ಪಡಿಸಿಕೊಳ್ಳುವುದು ಅಲ್ಲಿ ಕಷ್ಟ. ಪತ್ರದ ದೊಡ್ಡ ಕೊರತೆ ಇದೇ.

ನಮ್ಮ ಪ್ರಬೋಧನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕೇಳಿಬರುವುದು ಪ್ರಕಟನಾ ಗ್ರಂಥದ 12ನೆಯ ಅಧ್ಯಾಯ: ಸೂರ್ಯನನ್ನು ಉಟ್ಟು, ಚಂದ್ರನನ್ನು ಮೆಟ್ಟಿ ನಿಂತ ಸ್ತ್ರೀ. ಹಬ್ಬದ ಬಲಿಪೂಜೆಯ ಮೊದಲ ವಾಚನವೂ ಅದೇ. ಆದರೆ ಮುಂದೆ ಓದಿ ನೋಡಿ. ಆ ಸ್ತ್ರೀ ಹೆರಿಗೆಯ ನೋವಿನಿಂದ ಚೀರುತ್ತಾಳೆ. ದೇವರ ಬಳಿಗೆ ಎತ್ತಲ್ಪಡುವುದು ಅವಳ ಮಗು, ಅವಳಲ್ಲ. ಅವಳು ಅಡವಿಗೆ ಓಡಿಹೋಗುತ್ತಾಳೆ. ಹಿಂಸೆಗೆ ಸಿಕ್ಕ ದೇವಜನರ ಚಿತ್ರವಾಗಿ ಅದು ಅದ್ಭುತ. ಅದರಲ್ಲಿ ಮರಿಯಮ್ಮನನ್ನು ಕಾಣುವುದಕ್ಕೂ ಅಡ್ಡಿಯಿಲ್ಲ. ಸ್ವರ್ಗಸ್ವೀಕಾರದ ಸಾಕ್ಷಿಯಾಗಿ ಮಾತ್ರ ಅದು ನಿಲ್ಲುವುದಿಲ್ಲ.

ನಿಲ್ಲುವುದು ಎರಡನೆಯ ವಾಚನ, ಕೊರಿಂಥಿಯರಿಗೆ ಸಂತ ಪೌಲ ಬರೆದ ಮೊದಲ ಪತ್ರದ 15ನೆಯ ಅಧ್ಯಾಯ. ಕ್ರಿಸ್ತ ಸತ್ತವರಿಂದ ಎದ್ದ ಪ್ರಥಮಫಲ. ಕಟ್ಟಕಡೆಗೆ ನಾಶವಾಗುವ ಶತ್ರು ಸಾವು. ದೇಹಕ್ಕೂ ಬಿಡುಗಡೆ ಉಂಟು ಎಂಬುದೇ ಅಲ್ಲಿಯ ತಿರುಳು. ತನ್ನ ದೇಹದಲ್ಲಿ ಕ್ರಿಸ್ತನನ್ನು ಹೊತ್ತವಳು, ಅವನ ಶಿಲುಬೆಯ ಬುಡದಲ್ಲಿ ನಿಂತವಳು ಆ ಬಿಡುಗಡೆಯನ್ನು ಎಲ್ಲರಿಗಿಂತ ಮುಂಚೆ ಪಡೆದಳೆಂದು ಧರ್ಮಸಭೆ ಊಹಿಸುತ್ತದೆ. ಊಹೆ ಎಂದರೆ ಕಟ್ಟುಕಥೆಯಲ್ಲ. ಒಂದು ನಂಬಿಕೆಯಿಂದ ಇನ್ನೊಂದಕ್ಕೆ ಇಡುವ ಹೆಜ್ಜೆ. ತೊಡಕೂ ಉಂಟು: ಕ್ರಿಸ್ತನವರು ಏಳುವುದು ಆತನ ಪುನರಾಗಮನದಲ್ಲಿ ಎಂದು 23ನೆಯ ವಚನ ಸ್ಪಷ್ಟವಾಗಿ ಹೇಳುತ್ತದೆ. ಹಾಗಾದರೆ ಮರಿಯಮ್ಮ ಆ ಕ್ರಮಕ್ಕೆ ಅಪವಾದ. ಹನೋಕನನ್ನೂ ಎಲೀಯನನ್ನೂ ದೇವರು ಕರೆದೊಯ್ದದ್ದು ಅಪವಾದ ಸಾಧ್ಯವೆಂದು ತೋರಿಸುತ್ತದೆ, ನಡೆದೇ ಹೋಯಿತೆಂದು ತೋರಿಸುವುದಿಲ್ಲ. ಈ ಅಂತರವನ್ನು ತುಂಬುವುದು ವಚನವಲ್ಲ, ಪರಂಪರೆ.

ಪರಂಪರೆಯ ಕಡೆಯಿಂದ ಒಂದು ಸಂಗತಿ ನನ್ನನ್ನು ಬಹಳ ಕಾಡಿದೆ. ನಮ್ಮ ಸೀಮೆಯಲ್ಲಿ ಮಹಾತ್ಮರ ದೇಹ ಮಣ್ಣಾದ ಜಾಗವೇ ಪುಣ್ಯಸ್ಥಳ. ಚೇಳ್ಳಗುರ್ಕಿಯ ಎರ್ರಿತಾತನ ಸಮಾಧಿಗೆ ಜನ ಇಂದಿಗೂ ನಡೆದುಕೊಳ್ಳುತ್ತಾರೆ. ಹಳೆಯ ಕ್ರೈಸ್ತರೂ ಹಾಗೆಯೇ ಸಂತರ ಎಲುಬುಗಳನ್ನು ಜೋಪಾನ ಮಾಡಿದವರು. ಆದರೂ ಮರಿಯಮ್ಮನವರ ಎಲುಬು ತಮ್ಮಲ್ಲಿದೆಯೆಂದು ಹೇಳಿಕೊಂಡ ಪ್ರಸಿದ್ಧ ಕ್ಷೇತ್ರ ಒಂದೂ ಇಲ್ಲ. ಜೆರುಸಲೇಮಿನಲ್ಲಿ ತೋರಿಸುವ ಅವರ ಗೋರಿ ಬರಿದು. ಇದು ಪುರಾವೆಯಲ್ಲ, ಆದರೆ ಹಗುರಾಗಿ ತಳ್ಳಿಹಾಕುವ ಮಾತೂ ಅಲ್ಲ.

ಬೈಬಲೊಂದನ್ನೇ ಪ್ರಮಾಣವೆಂದು ಹಿಡಿದವರಿಗೆ ಈ ಬೋಧನೆ ಒಪ್ಪಿಗೆಯಾಗದು, ಅವರ ನಿಲುವಿಗೆ ಕಾರಣವಿದೆ. ಪರಂಪರೆಯನ್ನೂ ಪ್ರಮಾಣವೆಂದು ನಂಬಿದ ನಮಗೆ ಇದು ಪೌಲನ ಮಾತಿಗೆ ಒಪ್ಪುವ ನಂಬಿಕೆ. ಮುಂದಿನ ಆಗಸ್ಟ್ 15ಕ್ಕೆ ಪ್ರಬೋಧನೆ ಸಿದ್ಧಪಡಿಸುವ ಧರ್ಮಗುರುಗಳಲ್ಲಿ ನನ್ನ ಕೋರಿಕೆ ಇಷ್ಟೇ: ಬೈಬಲ್ ಇಲ್ಲಿ ಮೌನವಾಗಿದೆ ಎಂದು ಮೊದಲೇ ಹೇಳಿ, ಎರಡನೆಯ ವಾಚನದಿಂದ ಪ್ರಾರಂಭಿಸಿ.