ಬಸ್ ನಿಲ್ದಾಣದ ಓದು: ಬಸವಕಲ್ಯಾಣ, ಹುಮನಾಬಾದ್ ಸೀಮೆಯ ಕಾಮಿಕ್ಸ್ ಪರಂಪರೆ

ಕನ್ನಡಕ್ಕೆ ಕಾಮಿಕ್ಸ್ ಪರಂಪರೆಯೇ ಇಲ್ಲ ಎಂಬ ತೀರ್ಪು ಬಹುಕಾಲದಿಂದ ಯಾರ ತಡೆಯೂ ಇಲ್ಲದೆ ಓಡಾಡುತ್ತಿದೆ. ಇದ್ದದ್ದೆಲ್ಲ ಅನುವಾದ, ಅನುವಾದವಾದ್ದರಿಂದ ಎರವಲು, ಎರವಲಾದ್ದರಿಂದ ಕೂಡಿಡಲು ಯೋಗ್ಯವಲ್ಲ ಎಂಬಷ್ಟಕ್ಕೇ ಆ ವಾದ ಮುಗಿಯುತ್ತದೆ. ಪಂಪ ವ್ಯಾಸಭಾರತವನ್ನು ತಂದಾಗ ಯಾರೂ ಅದನ್ನು ಎರವಲು ಎನ್ನಲಿಲ್ಲ. ಬಿ.ಎಂ.ಶ್ರೀ. ಇಂಗ್ಲಿಷ್ ಗೀತಗಳನ್ನು ಕನ್ನಡಕ್ಕೆ ತಂದಾಗ ಹೊಸ ಕಾವ್ಯಮಾರ್ಗವೇ ತೆರೆಯಿತೆಂದು ಎಲ್ಲರೂ ಒಪ್ಪಿದ್ದಾರೆ. ಆ ಉದಾರತೆ ಅಗ್ಗದ ಕಾಗದದ ಮೇಲೆ ಅಚ್ಚಾದ ಬಣ್ಣದ ಚಿತ್ರಕಥೆಗೆ ಮಾತ್ರ ಸಿಗಲಿಲ್ಲ. ಪರಂಪರೆಯನ್ನು ಬರೆದವರ, ಬಿಡಿಸಿದವರ ಹೆಸರುಗಳಿಂದಷ್ಟೇ ಅಳೆಯುವ ಈ ವಿಮರ್ಶೆ ಓದಿದವರನ್ನೂ ಕಾಪಾಡಿದವರನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಬೀದರ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ತಾಲೂಕುಗಳಿಂದ ನೋಡಿದರೆ ಈ ತೀರ್ಪು ಇನ್ನಷ್ಟು ಬಡವಾಗಿ ಕಾಣುತ್ತದೆ. 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಸೀಮೆ ಇದು. ನಿಜಾಮರ ಕಾಲದಲ್ಲಿ ಇಲ್ಲಿನ ಕಚೇರಿಯ ಕಾಗದ ಉರ್ದುವಿನಲ್ಲಿತ್ತು. ಪುಣೆ–ಹೈದರಾಬಾದ್ ಹೆದ್ದಾರಿ ಮಹಾರಾಷ್ಟ್ರದ ಉಮರ್ಗಾ ದಾಟಿ ಈ ಎರಡೂ ತಾಲೂಕುಗಳನ್ನು ಹಾದು ಜಹೀರಾಬಾದಿಗೆ ಹೋಗುತ್ತದೆ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ದಖನಿ, ಪೇಟೆಯಲ್ಲಿ ಮರಾಠಿ, ಸಿನಿಮಾ ಟಾಕೀಸಿನಲ್ಲಿ ಹಿಂದಿ ಎಂಬುದು ಇಲ್ಲಿ ದಿನದ ಬದುಕು. ಚಿತ್ರಪತ್ರಿಕೆಯ ವಿಷಯದಲ್ಲೂ ಅದೇ ಸಮೃದ್ಧಿ. ‘ಚಂದಮಾಮ’ ಕನ್ನಡದಲ್ಲಿತ್ತು, ಅದೇ ಪತ್ರಿಕೆ ಮರಾಠಿಯಲ್ಲಿ ‘ಚಾಂದೋಬಾ’ ಆಗಿತ್ತು, ಉರ್ದು ಓದುವ ಮಕ್ಕಳಿಗೆ ದೆಹಲಿಯ ‘ಖಿಲೌನಾ’ ಇತ್ತು. ಚಂದಮಾಮ ಕಾಮಿಕ್ಸ್ ಅಲ್ಲ ಎಂಬುದು ನಿಜ. ಆದರೆ ಎಂ.ಟಿ.ವಿ. ಆಚಾರ್ಯರ ಮಹಾಭಾರತದ ಮುಖಚಿತ್ರಗಳನ್ನು, ಶಂಕರ್ ಬಿಡಿಸಿದ ವಿಕ್ರಮ–ಬೇತಾಳರನ್ನು ತಿಂಗಳು ತಿಂಗಳು ದಿಟ್ಟಿಸಿದ ಕಣ್ಣು ಚಿತ್ರದಿಂದ ಕಥೆ ಹಿಡಿಯುವುದನ್ನು ಅಲ್ಲೇ ಕಲಿತಿತ್ತು. ಬೆಂಗಳೂರಿನ ಕಪಾಟಿನಲ್ಲಿರುವ ಕನ್ನಡ ಸಂಚಿಕೆಗಳನ್ನು ಎಣಿಸಿ ಕನ್ನಡಿಗರ ಓದನ್ನು ಅಳೆಯುವವರು ಈ ಸೀಮೆಯ ಓದುಗನ ಮುಕ್ಕಾಲು ಪಾಲನ್ನು ಹೊರಗಿಟ್ಟೇ ಎಣಿಸುತ್ತಾರೆ.

ಈ ಪರಂಪರೆಗೆ ಇನ್ನೂ ಹಳೆಯ ವಂಶಾವಳಿ ಕಟ್ಟುವ ಆಸೆಯೂ ಕೆಲವರಿಗಿದೆ. ಹುಮನಾಬಾದ್ ತಾಲೂಕಿನ ಜಲಸಂಗ್ವಿಯ ಕಲ್ಮೇಶ್ವರ ಗುಡಿಯ ಗೋಡೆಯಲ್ಲಿ ಚಾಲುಕ್ಯ ಅರಸ ಆರನೆಯ ವಿಕ್ರಮಾದಿತ್ಯನ ಸ್ತುತಿಯನ್ನು ಬರೆಯುತ್ತಿರುವ ಶಿಲಾಬಾಲಿಕೆಯಿದ್ದಾಳೆ. ಚಿತ್ರವೂ ಅಕ್ಷರವೂ ಒಂದೇ ಕಲ್ಲಿನಲ್ಲಿ ಕೂಡಿದ ಅಪರೂಪದ ಶಿಲ್ಪವದು. ಆದರೆ ಅಲ್ಲಿ ಕಥೆ ಮುಂದಕ್ಕೆ ಚಲಿಸುವುದಿಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ ಎಂದು ಸಾಗುವ ವೀರಗಲ್ಲು ಚಿತ್ರಕಥೆಗೆ ಅದಕ್ಕಿಂತ ಹತ್ತಿರದ್ದು. ಹಾಗಿದ್ದೂ ಬಸ್ ನಿಲ್ದಾಣದ ಪುಸ್ತಕದಂಗಡಿಯಲ್ಲಿ ಬೆಳೆದ ಓದಿಗೆ ಚಾಲುಕ್ಯರ ಪ್ರಮಾಣಪತ್ರ ಬೇಕಿಲ್ಲ.

ಆ ಓದಿನ ನಿಜವಾದ ಬುನಾದಿ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆ 1964ರ ಮಾರ್ಚ್‌ನಲ್ಲಿ ಆರಂಭಿಸಿದ ‘ಇಂದ್ರಜಾಲ ಕಾಮಿಕ್ಸ್’. ಮೊದಲ 32 ಸಂಚಿಕೆಗಳು ಲೀ ಫಾಕ್‌ನ ಫ್ಯಾಂಟಮ್ ಕಥೆಗಳು. ಆಮೇಲೆ ಮ್ಯಾಂಡ್ರೇಕ್, ಫ್ಲಾಶ್ ಗಾರ್ಡನ್, ರಿಪ್ ಕರ್ಬಿ ಬಂದರು. ಹಿಂದಿ, ಮರಾಠಿ ಆವೃತ್ತಿಗಳ ಬಳಿಕ ಕನ್ನಡದ್ದೂ ಸೇರಿತು. 1990ರಲ್ಲಿ ಮಾಲಿಕೆ ನಿಲ್ಲುವ ಹೊತ್ತಿಗೆ ಸಂಚಿಕೆಗಳು 800 ದಾಟಿದ್ದವು. ಇದನ್ನು ಬರೀ ಅನುವಾದ ಎನ್ನುವವರು ಪುಟ ತೆರೆದು ನೋಡಿಲ್ಲ. ಬಂಗಾಳವೆಂದು ಓದುಗರು ತಪ್ಪು ತಿಳಿಯಬಾರದೆಂದು ಫ್ಯಾಂಟಮ್‌ನ ಬಂಗಲ್ಲಾ ಇಲ್ಲಿ ಡೆಂಕಾಲಿಯಾಯಿತು. ಸಿಂಗ್ ಕಡಲ್ಗಳ್ಳರು ಸಿಂಗಾ ಆದರು. ಫ್ಯಾಂಟಮ್‌ನ ತಂದೆಯನ್ನು ಕೊಂದ ರಾಮಾ ಎಂಬ ಖಳ ರಾಮಲು ಆದ. ಬಿ. ಗೋವಿಂದ್ ಕುಂಚದಲ್ಲಿ ಬರೆದ ಮುಖಪುಟಗಳಿಗೆ ಅಮೆರಿಕದ ಮೂಲದಲ್ಲಿ ಸರಿಸಾಟಿಯೇ ಇರಲಿಲ್ಲ. ಹೊರಗಿನ ಕಥೆಯನ್ನು ನೆಲದ ಕಣ್ಣಿಗೆ ಒಗ್ಗಿಸುವ ಈ ಕೆಲಸವನ್ನೇ ಸಾಹಿತ್ಯದಲ್ಲಿ ರೂಪಾಂತರವೆಂದು ಗೌರವಿಸುತ್ತಾರೆ.

ಇಂದ್ರಜಾಲದ ನಿಜವಾದ ಸಾಧನೆ ಮಾತ್ರ ಫ್ಯಾಂಟಮ್ ಅಲ್ಲ, 1976ರ ಡಿಸೆಂಬರ್‌ನಲ್ಲಿ ಬಂದ ಬಹಾದೂರ್. ಗುಜರಾತಿ, ಹಿಂದಿ ಲೇಖಕ ಆಬಿದ್ ಸುರ್ತಿ ಸೃಷ್ಟಿಸಿದ, ಮುಖಪುಟಗಳನ್ನು ಬರೆದ ಅದೇ ಗೋವಿಂದ್ ಬ್ರಹ್ಮಣಿಯಾ ಚಿತ್ರ ಬಿಡಿಸಿದ ಈ ನಾಯಕನಿಗೆ ಮಾಯಾಶಕ್ತಿ ಇಲ್ಲ, ಮುಖವಾಡ ಇಲ್ಲ, ಗುಹೆಯೂ ಇಲ್ಲ. ಅವನ ತಂದೆ ಪೊಲೀಸರ ಗುಂಡಿಗೆ ಸತ್ತ ಡಕಾಯಿತ. ಆ ಗುಂಡು ಹಾರಿಸಿದ ಅಧಿಕಾರಿ ವಿಶಾಲ್‌ನೇ ಅನಾಥ ಹುಡುಗನನ್ನು ಸಾಕಿ ಬೆಳೆಸುತ್ತಾನೆ. ಸೇಡಿಗೆ ಬೆಳೆದ ಮನಸ್ಸು ಸೇಡನ್ನು ಬಿಟ್ಟು ಜಯಗಢದ ಜನರನ್ನು ಕಟ್ಟಿಕೊಂಡು ನಾಗರಿಕ ಸುರಕ್ಷಾ ದಳ ರಚಿಸುತ್ತದೆ. ಭಾರತದ ಜನಪ್ರಿಯ ಕಥೆಗಳಲ್ಲಿ ಇಷ್ಟು ಪ್ರೌಢವಾದ ಆರಂಭ ಸಿಗುವುದು ವಿರಳ. ಆ ದಶಕದ ಹಿಂದಿ ಸಿನಿಮಾದ ಕೋಪಿಷ್ಠ ತರುಣ ತಂದೆಯ ಗಾಯವನ್ನೇ ಬದುಕಿನ ಬಂಡವಾಳ ಮಾಡಿಕೊಂಡಿದ್ದ. ಬಹಾದೂರ್ ತಂದೆಯನ್ನು ಕೊಂದವನನ್ನು ಅರ್ಥ ಮಾಡಿಕೊಳ್ಳುವಲ್ಲಿಂದ ನಾಯಕನಾಗುತ್ತಾನೆ.

ಅವನ ಉಡುಪನ್ನೂ ಗಮನಿಸಬೇಕು. ಕೇಸರಿ ಕುರ್ತಾ, ಕೆಳಗೆ ಜೀನ್ಸ್: 1970ರ ದಶಕದ ತಾಲೂಕು ಪಟ್ಟಣದ ಕಾಲೇಜು ಹುಡುಗನ ಉಡುಪು ಅದು. ಸಂಗಾತಿ ಬೇಲಾ ರಕ್ಷಣೆಗಾಗಿ ಕಾಯುವ ಹೆಣ್ಣಲ್ಲ, ಕಾದಾಟದಲ್ಲಿ ಸಮನಾಗಿ ನಿಲ್ಲುವವಳು. ಜಯಗಢ ಹೆಸರಿಗೆ ಮಧ್ಯಭಾರತದ ಊರಾದರೂ ಅದರ ಕಚ್ಚಾ ರಸ್ತೆ, ಸಾಹುಕಾರರ ಹವೇಲಿ, ಠಾಣೆ, ಊರಾಚೆಯ ಬೋಳುಗುಡ್ಡ ಎಲ್ಲವೂ ಬೀದರದ ಕೆಂಪು ಮಣ್ಣಿನ ಪ್ರಸ್ಥಭೂಮಿಯ ಓದುಗನಿಗೆ ಪರಿಚಯದವು. ನ್ಯೂಯಾರ್ಕಿನ ಗಗನಚುಂಬಿ ಕಟ್ಟಡಗಳ ನಡುವೆ ಹಾರುವ ನಾಯಕ ಇಲ್ಲಿ ಬೆರಗು ಹುಟ್ಟಿಸಬಲ್ಲ. ಆದರೆ ಹುಮನಾಬಾದಿನಂಥ ಊರನ್ನು ಊರೆಂದು ಗಂಭೀರವಾಗಿ ಒಪ್ಪಿಕೊಂಡವನು ಬಹಾದೂರ್. ಅದರ ನ್ಯಾಯ ಊರಿನವರೇ ಕೂಡಿ ಕಟ್ಟಿಕೊಳ್ಳಬೇಕಾದದ್ದು ಎಂದು ಅವನ ಕಥೆಗಳು ನಂಬಿದವು. ಚಿತ್ರದ ರೇಖೆ ಒರಟು, ಕಥೆಗಳು ಮುಂದೆ ಬೇರೆ ಲೇಖಕರ ಕೈಗೆ ಹೋದಾಗ ಬಿಗಿ ಸಡಿಲಿತು ಎಂಬ ಆಕ್ಷೇಪಗಳಿವೆ. ಇಂಥ ನಂಬಿಕೆಯ ಮುಂದೆ ಅವು ಸಣ್ಣ ಆಕ್ಷೇಪಗಳು.

ಆದರೂ ಗೌರವವೆಲ್ಲ ‘ಅಮರ ಚಿತ್ರಕಥೆ’ಗೆ ಸಂದಿತು. ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದ ಅನಂತ ಪೈ ಇಂದ್ರಜಾಲ ಆರಂಭವಾದಾಗ ಟೈಮ್ಸ್ ಸಂಸ್ಥೆಯಲ್ಲೇ ಇದ್ದವರು, ಆಮೇಲೆ ಇಂಡಿಯಾ ಬುಕ್ ಹೌಸ್ ಸೇರಿದರು. ದೂರದರ್ಶನದ ರಸಪ್ರಶ್ನೆಯಲ್ಲಿ ಗ್ರೀಕ್ ದೇವತೆಗಳನ್ನು ಬಲ್ಲ ಮಕ್ಕಳಿಗೆ ರಾಮನ ತಾಯಿಯ ಹೆಸರು ಗೊತ್ತಿಲ್ಲದ್ದನ್ನು 1967ರಲ್ಲಿ ದೆಹಲಿಯಲ್ಲಿ ಕಂಡು ಅವರು ಮಾಲಿಕೆ ಆರಂಭಿಸಿದರೆಂಬ ಕಥೆ ಎಲ್ಲೆಡೆ ಪ್ರಚಲಿತ. ಅದರ ಕನ್ನಡದ ಪೂರ್ವಕಥೆಯನ್ನು ಹೇಳುವವರು ಕಡಿಮೆ. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಪ್ರಕಾರ 1965ರಲ್ಲೇ ಈ ಹೆಸರಿನ ಪುಸ್ತಕಗಳು ಕನ್ನಡದಲ್ಲಿ ಬಂದಿದ್ದವು, ಅವುಗಳ ಮಾರಾಟದ ಯಶಸ್ಸೇ ಮುಂಬಯಿಯ ಮುಖ್ಯ ಕಚೇರಿಯನ್ನು ಒಪ್ಪಿಸಿತು. ಮೊದಲ ಹತ್ತು ಸಂಖ್ಯೆಗಳು ಕನ್ನಡದ ಆ ಪಾಶ್ಚಾತ್ಯ ಕಿನ್ನರಕಥೆಗಳಿಗೆ ಹೋಗಿದ್ದರಿಂದ, ರಾಮ್ ವಾಯಿರ್ಕರ್ ಚಿತ್ರಿಸಿದ ‘ಕೃಷ್ಣ’ ಇಂಗ್ಲಿಷಿನಲ್ಲಿ 11ನೆಯ ಸಂಖ್ಯೆಯಿಂದ ಆರಂಭವಾಗುತ್ತದೆ. ಕನ್ನಡಕ್ಕೆ ಪರಂಪರೆಯಿಲ್ಲ ಎಂಬ ಮಾತಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಮಾಲಿಕೆಯ ಗುಣದ ಮಾತು ಬೇರೆ. 400ಕ್ಕೂ ಹೆಚ್ಚು ಶೀರ್ಷಿಕೆಗಳ ಈ ಸಾಲಿನಲ್ಲಿ ದೇವರು, ಅರಸರು, ಸಂತರು ಎಲ್ಲರೂ ಪಾಠ ಹೇಳಲು ನಿಂತಿದ್ದಾರೆ. ಕರ್ಲಿನ್ ಮೆಕ್‌ಲೇನ್, ನಂದಿನಿ ಚಂದ್ರ ಅವರಂಥ ಅಧ್ಯಯನಕಾರರು ಜಾತಿ, ಲಿಂಗ, ಧರ್ಮಗಳನ್ನು ಇದು ಚಿತ್ರಿಸಿದ ಬಗೆಯನ್ನು ಪರಿಶೀಲಿಸಿದ್ದಾರೆ. ಅದಕ್ಕೂ ಮೂಲಭೂತವಾದ ಕೊರತೆ ಕಲೆಯದು: ಮುಂದೇನಾಗುತ್ತದೆಂಬ ತವಕ ಈ ಪುಟಗಳಲ್ಲಿ ಇಲ್ಲ, ಯಾಕೆಂದರೆ ಎಲ್ಲವೂ ಮೊದಲೇ ತೀರ್ಮಾನವಾಗಿದೆ. ಅರಸನ ಮಂತ್ರಿಯಾಗಿದ್ದವನು ಕಾಯಕದವರ ನಡುವೆ ಕೂತು ವಾದಿಸಿದ, ಕೊನೆಗೆ ರಕ್ತಪಾತದಲ್ಲಿ ಚದುರಿದ ಕಲ್ಯಾಣದ ಕಥೆ ಇರುವ ನೆಲದಿಂದ ನೋಡಿದರೆ ಪ್ರಶ್ನೆಯನ್ನೇ ಒಳಗೆ ಬಿಡದ ಈ ಶೈಲಿಯ ಮಿತಿ ಢಾಳಾಗಿ ಕಾಣುತ್ತದೆ. ಶಾಲೆ ಒಪ್ಪಿದ್ದು, ತಂದೆತಾಯಿ ದುಡ್ಡು ಕೊಟ್ಟು ತಂದದ್ದು, ಬೈಂಡ್ ಮಾಡಿಸಿ ಕಪಾಟಿನಲ್ಲಿಟ್ಟದ್ದು ಅಮರ ಚಿತ್ರಕಥೆ. ಪಠ್ಯಪುಸ್ತಕದೊಳಗೆ ಅಡಗಿಸಿಟ್ಟು ಓದಿದ್ದು, ಸಿಕ್ಕಿಬಿದ್ದಾಗ ಹರಿಸಿಕೊಂಡದ್ದು ಇಂದ್ರಜಾಲ. ಬೆಲೆ ತಿಳಿಯಲು ಈ ಎರಡನೆಯ ಪ್ರೀತಿಯೇ ಹೆಚ್ಚು ನಂಬತಕ್ಕ ಸಾಕ್ಷಿ.

ಸಂಗ್ರಹದ ರೀತಿಯೂ ಇದನ್ನೇ ಹೇಳುತ್ತದೆ. ಸಣ್ಣ ಊರುಗಳಲ್ಲಿ ಕಾಮಿಕ್ಸ್ ಒಬ್ಬರ ಸೊತ್ತಾಗಿ ಉಳಿಯುತ್ತಿರಲಿಲ್ಲ. ದಿನಬಾಡಿಗೆಗೆ ಹೋಗುತ್ತಿತ್ತು, ಎರಡಕ್ಕೆ ಒಂದರಂತೆ ಅದಲುಬದಲಾಗುತ್ತಿತ್ತು, ಕೊನೆಗೆ ರದ್ದಿ ಅಂಗಡಿಯ ತಕ್ಕಡಿ ಸೇರುತ್ತಿತ್ತು. ಅಲ್ಲಿಂದಲೂ ಯಾರೋ ಎತ್ತಿ ತರುತ್ತಿದ್ದರು. ಹೈದರಾಬಾದಿನ ಆಬಿಡ್ಸ್ ರಸ್ತೆಬದಿಯ ಭಾನುವಾರದ ಪುಸ್ತಕ ಬಜಾರು ಈ ಸೀಮೆಯವರಿಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಹೀಗೆ ಕೂಡಿದ ಕಟ್ಟಿನಲ್ಲಿ ಕನ್ನಡದ ಫ್ಯಾಂಟಮ್, ಅವನೇ ಆದ ಮರಾಠಿ ಮತ್ತು ಹಿಂದಿಯ ವೇತಾಳ, 1986ರಲ್ಲಿ ಹುಟ್ಟಿದ ರಾಜ್ ಕಾಮಿಕ್ಸ್‌ನ ನಾಗರಾಜ್, ಪ್ರಾಣ್ ಅವರ ಚಾಚಾ ಚೌಧರಿ ಒಂದೇ ಸುತಳಿಯಲ್ಲಿ ಬೀಳುತ್ತವೆ. ಅಗ್ಗದ ಕಾಗದ ತನ್ನ ಆಮ್ಲದಿಂದಲೇ ಹಳದಿಯಾಗಿ ಪುಡಿಯಾಗುತ್ತದೆ, ಪಿನ್ನು ತುಕ್ಕು ಹಿಡಿದು ನಡುಹಾಳೆ ಕಳಚುತ್ತದೆ, ಮಳೆಗಾಲದ ತೇವಕ್ಕೆ ಗೆದ್ದಲು ಹತ್ತುತ್ತದೆ.

ಹೀಗೆ ಕಣ್ಮರೆಯಾಗುವ ಪರಂಪರೆಯನ್ನು ಓದುಗರೇ ಉಳಿಸಬಲ್ಲರು ಎಂಬುದಕ್ಕೆ ಕೆನಡಾ ನಿದರ್ಶನ. 1940ರ ಡಿಸೆಂಬರ್‌ನಲ್ಲಿ ಯುದ್ಧಕಾಲದ ವಿನಿಮಯ ಕಾಯ್ದೆ ಅಮೆರಿಕದ ಕಾಮಿಕ್ಸ್ ಆಮದನ್ನು ತಡೆದಾಗ ಅಲ್ಲಿ ಒಳಪುಟಕ್ಕೆ ಬಣ್ಣವಿಲ್ಲದ ‘ಕೆನೇಡಿಯನ್ ವೈಟ್ಸ್’ ಹುಟ್ಟಿದವು. ಏಡ್ರಿಯನ್ ಡಿಂಗಲ್ 1941ರಲ್ಲಿ ನೆಲ್ವಾನಾ ಎಂಬ ನಾಯಕಿಯನ್ನು ಸೃಷ್ಟಿಸಿದರು. ಯುದ್ಧ ಮುಗಿದು ಅಮೆರಿಕದ ಪುಸ್ತಕಗಳು ಮರಳಿದಾಗ ಇವೆಲ್ಲ ಮರೆಯಾದವು, ಕೆನಡಾಕ್ಕೆ ಸ್ವಂತ ಕಾಮಿಕ್ಸೇ ಇರಲಿಲ್ಲ ಎಂಬ ಭಾವನೆ ಬೇರೂರಿತು. ಮೈಕಲ್ ಹರ್ಶ್, ಪ್ಯಾಟ್ರಿಕ್ ಲೂಬರ್ ಹಳೆಯ ಪ್ರತಿಗಳನ್ನು ಹುಡುಕಿ 1971ರಲ್ಲಿ ಪುಸ್ತಕ ತಂದ ಮೇಲೆ ಚಿತ್ರ ಬದಲಾಯಿತು. ಇಂದು ಆ ‘ವೈಟ್ಸ್’ ಹೊರತಂದಿದ್ದ ಬೆಲ್ ಫೀಚರ್ಸ್ ಪ್ರಕಾಶನದ ಸಂಗ್ರಹ ಆ ದೇಶದ ರಾಷ್ಟ್ರೀಯ ಗ್ರಂಥಾಲಯ ಮತ್ತು ಪತ್ರಾಗಾರದಲ್ಲಿದೆ.

ಭಾರತದಲ್ಲಿ ಸಂಗ್ರಹದ ಹವ್ಯಾಸ ಬೇರೆ ದಿಕ್ಕು ಹಿಡಿದಿದೆ. 2011ರಲ್ಲಿ ದೆಹಲಿಯಲ್ಲಿ ಆರಂಭವಾಗಿ 2012ರಲ್ಲಿ ಬೆಂಗಳೂರಿಗೂ ಬಂದ ಕಾಮಿಕ್ ಕಾನ್ ಮೇಳದಲ್ಲಿ ಮೆರೆಯುವುದು ಹಾಲಿವುಡ್ಡಿನ ವೇಷ, ಜಪಾನಿನ ಮಾಂಗಾ, ಆಮದಿನ ಗೊಂಬೆ. ಪ್ರತಿಗೆ ಅಂಕ ಕೊಟ್ಟು ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಮುದ್ರೆ ಹಾಕುವ ಅಮೆರಿಕದ ಪದ್ಧತಿಯನ್ನು ಇಲ್ಲಿಯೂ ಕೆಲವರು ಮಾದರಿಯೆಂದು ಹೊಗಳುತ್ತಾರೆ. ಮುದ್ರೆ ಬಿದ್ದ ಪುಸ್ತಕವನ್ನು ಓದುವಂತಿಲ್ಲ. ಹತ್ತು ಕೈ ದಾಟಿ ಮೂಲೆ ಸವೆದ, ಮುಖಪುಟದ ಮೇಲೆ ಬಾಡಿಗೆ ಅಂಗಡಿಯ ರಬ್ಬರ್ ಮೊಹರು ಬಿದ್ದ ಕನ್ನಡ ಪ್ರತಿಗೆ ಆ ಮಾನದಂಡದಲ್ಲಿ ಅಂಕವೇ ಸಿಗದು. ಆದರೆ ಓದಿನ ಇತಿಹಾಸ ಬರೆಯುವವರಿಗೆ ಆ ಮೊಹರೇ ಆಧಾರ: ಪುಸ್ತಕ ಯಾವ ಊರಿನಲ್ಲಿ ಸುತ್ತಾಡಿತು, ಯಾವ ಭಾಷೆಯವರ ಕೈಗೆ ಹೋಯಿತು ಎಂಬುದನ್ನು ಅದೊಂದೇ ಹೇಳಬಲ್ಲದು. ಇಂಗ್ಲಿಷ್, ಹಿಂದಿ ಇಂದ್ರಜಾಲಗಳನ್ನು ಅಭಿಮಾನಿಗಳು ಶ್ರಮವಹಿಸಿ ಸ್ಕ್ಯಾನ್ ಮಾಡಿ ಪಟ್ಟಿ ಮಾಡಿದ್ದಾರೆ. ಕನ್ನಡ ಆವೃತ್ತಿಗೆ ಅಂಥ ಪಟ್ಟಿ ಆಗಬೇಕಿದ್ದರೆ ಅದು ಬಸವಕಲ್ಯಾಣ, ಹುಮನಾಬಾದಿನಂಥ ಊರುಗಳ ಅಟ್ಟದ ಕಟ್ಟುಗಳನ್ನು ಬಿಚ್ಚಿ, ಮರಾಠಿ, ಹಿಂದಿ ಪ್ರತಿಗಳನ್ನು ಬೇರ್ಪಡಿಸದೆ, ಸಿಕ್ಕ ಕ್ರಮದಲ್ಲೇ ದಾಖಲಿಸುವುದರಿಂದ ಆರಂಭವಾಗಬೇಕು.