ನಕ್ಷತ್ರಚಿಹ್ನೆಯಿಲ್ಲದ ಆಜ್ಞೆಗಳು: ರೋಮನ್ ಕವಾಯತಿನ ಭಾಷಾ ಪುನಾರಚನೆಯ ಒಂದು ವಿಮರ್ಶೆ

ಪ್ರಾಚೀನ ರೋಮನ್ ಸೇನೆಯ ಉಡುಪು, ಆಯುಧ, ವ್ಯೂಹಗಳನ್ನು ಮತ್ತೆ ಕಟ್ಟಿ ಪ್ರದರ್ಶಿಸುವ ಯೂರೋಪಿನ ತಂಡಗಳು ಶಿರಸ್ತ್ರಾಣದ ಮೊಳೆಗೂ ಉತ್ಖನನದ ಆಧಾರ ಹುಡುಕುತ್ತವೆ. ಕವಾಯತಿನಲ್ಲಿ ಕೂಗುವ ಲ್ಯಾಟಿನ್ ಆಜ್ಞೆಗಳ ವಿಷಯದಲ್ಲಿ ಮಾತ್ರ ಈ ಎಚ್ಚರ ಸಡಿಲವಾಗುತ್ತದೆ ಎಂಬುದು ನಮ್ಮ ಆಕ್ಷೇಪ.

ಬಳಕೆಯಲ್ಲಿರುವ ಆಜ್ಞೆಗಳಲ್ಲಿ ‘ಸಿಗ್ನಾ ಇನ್‌ಫೆರ್ತೆ’ (ಧ್ವಜಗಳನ್ನು ಮುಂದೊಯ್ಯಿರಿ), ‘ಪೀಲಾ ಯಕಿತೆ’ (ಈಟಿಗಳನ್ನೆಸೆಯಿರಿ) ಎಂಬಂಥ ರೂಪಗಳು ಸಾಮಾನ್ಯ. ಇವುಗಳ ಮೂಲ ಸೀಸರ್, ಲಿವಿ ಮೊದಲಾದವರ ಕಥನ ಗದ್ಯ. ದಳಪತಿಯು ಧ್ವಜಗಳನ್ನು ಮುಂದೊಯ್ಯಲು ಆಜ್ಞಾಪಿಸಿದನೆಂಬ ವರದಿಯಿಂದ ನಾಮಪದವನ್ನೂ ಧಾತುವನ್ನೂ ಎತ್ತಿಕೊಂಡು, ಅದಕ್ಕೆ ವ್ಯಾಕರಣಶುದ್ಧವಾದ ಬಹುವಚನ ವಿಧ್ಯರ್ಥಕ ಪ್ರತ್ಯಯವನ್ನು ಹಚ್ಚಲಾಗಿದೆ. ವರದಿಯಾದ ಆಜ್ಞೆ ಉಚ್ಚರಿಸಿದ ಆಜ್ಞೆಯಲ್ಲ. ದಳಪತಿ ಕೂಗಿದ್ದು ಒಂದೇ ಪದವಿರಬಹುದು, ಕಹಳೆಯ ದನಿಯೇ ಇರಬಹುದು.

ಉಚ್ಚರಿಸಿದ ರೂಪಗಳಿಗೆ ನಮ್ಮಲ್ಲಿರುವ ಗಣನೀಯ ಆಕರ 6ನೆಯ ಶತಮಾನದ ಕೊನೆಯ ಹೊತ್ತಿನ, ಚಕ್ರವರ್ತಿ ಮಾರೀಸನ ಹೆಸರಿನಲ್ಲಿರುವ ‘ಸ್ಟ್ರಾಟೆಜಿಕಾನ್’. ಗ್ರಂಥ ಗ್ರೀಕಿನದು, ಆಜ್ಞೆಗಳು ಲ್ಯಾಟಿನ್, ಆದರೆ ಗ್ರೀಕ್ ಲಿಪಿಯಲ್ಲಿವೆ. ಇಲ್ಲಿನ ವಚನವಿನ್ಯಾಸ ಗಮನಾರ್ಹ. ಚಲನೆಗೆ ಮುನ್ನ ಕೊಡುವ ಎಚ್ಚರಿಕೆಗಳಲ್ಲಿ ‘ಮಂದಾತಾ ಕಪ್ತಾತೆ’ (ಆಜ್ಞೆಗಳನ್ನು ಗ್ರಹಿಸಿರಿ), ‘ಓರ್ದಿನೆಮ್ ಸೆರ್ವಾತೆ’ (ಸಾಲು ಕೆಡಿಸದಿರಿ) ಎಂಬ ಬಹುವಚನಗಳಿವೆ. ಚಲನೆಯ ಆಜ್ಞೆಗಳಾದರೋ ‘ಮೊವೆ’ (ಚಲಿಸು), ‘ಸ್ತಾ’ (ನಿಲ್ಲು), ‘ಕೆದೆ’ (ಹಿಂದೆ ಸರಿ) ಎಂದು ಏಕವಚನದಲ್ಲಿವೆ. ಸಾವಿರ ಜನರ ಪಡೆಗೆ ಏಕವಚನವೇ ಎಂದು ಅಚ್ಚರಿಪಡಬೇಕಿಲ್ಲ. ಎನ್‌ಸಿಸಿ ಮೈದಾನದಲ್ಲಿ ‘ತೇಜ್ ಚಲ್’, ‘ಥಮ್’ ಎಂಬ ಹಿಂದಿ ಆಜ್ಞೆಗಳನ್ನು ಕೇಳಿದವರಿಗೆ, ಇಡೀ ತುಕಡಿಗೆ ಬರಿಯ ಧಾತುರೂಪವನ್ನು ಕೂಗುವ ಈ ಬಗೆ ಅಪರಿಚಿತವಲ್ಲ. ಅಲ್ಲಿ ಅಗೌರವವೂ ಇಲ್ಲ, ವ್ಯಾಕರಣದೋಷವೂ ಇಲ್ಲ. ಎಲ್ಲೆಡೆ ‘-ತೆ’ ಹಚ್ಚುವ ಪುನಾರಚನೆ ಈ ವ್ಯತ್ಯಾಸವನ್ನೇ ಅಳಿಸಿಬಿಡುತ್ತದೆ.

ಹಾಗೆಂದು ‘ಸ್ಟ್ರಾಟೆಜಿಕಾನ್’ನ ರೂಪಗಳನ್ನು ಟ್ರೇಜನ್ನನ ಪಡೆಯ ಬಾಯಿಗೆ ತುರುಕುವುದೂ ಸಲ್ಲದು. ನಡುವಿನ ಅಂತರ ಸುಮಾರು ಐನೂರು ವರ್ಷ. ಧ್ವಜಕ್ಕೆ ಅಲ್ಲಿ ಬಳಕೆಯಾಗುವ ‘ಬಂದುಮ್’ ಜರ್ಮಾನಿಕ್ ಎರವಲು. ‘ಆದ್ ಕೊಂತೋ ಕ್ಲಿನಾ’ (ಈಟಿಯ ಕಡೆಗೆ, ಎಂದರೆ ಬಲಕ್ಕೆ ತಿರುಗು) ಎಂಬಲ್ಲಿ ದ್ವಿತೀಯಾ ವಿಭಕ್ತಿಯ ಅಂತ್ಯ ‘ಮ್’ ಇಲ್ಲ.

ಈ ಕೊನೆಯ ಆಜ್ಞೆ ಇನ್ನೊಂದು ತೊಡಕನ್ನೂ ತರುತ್ತದೆ. 2ನೆಯ ಶತಮಾನದ ಆರಂಭದ ಗ್ರೀಕ್ ಲೇಖಕ ಈಲಿಯನ್, ಆಜ್ಞೆಯಲ್ಲಿ ವಿಶೇಷವು ಸಾಮಾನ್ಯಕ್ಕಿಂತ ಮೊದಲು ಬರಬೇಕೆನ್ನುತ್ತಾನೆ. ‘ತಿರುಗು’ ಎಂಬುದು ಮೊದಲು ಕಿವಿಗೆ ಬಿದ್ದರೆ ಕೆಲವರು ಬಲಕ್ಕೆ, ಕೆಲವರು ಎಡಕ್ಕೆ ತಿರುಗಿಬಿಟ್ಟಾರು. ಇದನ್ನು ರೋಮನ್ ಕವಾಯತಿನ ಸಾರ್ವತ್ರಿಕ ನಿಯಮವೆಂದು ಗ್ರಹಿಸುವ ಪುನಾರಚಕರು, ಈಲಿಯನ್ ವಿವರಿಸುತ್ತಿರುವುದು ಗ್ರೀಕ್ ಫ್ಯಾಲಂಕ್ಸನ್ನು ಎಂಬುದನ್ನು ಮರೆಯುತ್ತಾರೆ. ‘ಸ್ಟ್ರಾಟೆಜಿಕಾನ್’ನ ಪದಾತಿ ಆಜ್ಞೆ ಆ ಕ್ರಮವನ್ನು ಪಾಲಿಸುತ್ತದೆ, ನಿಜ, ಅಶ್ವದಳದ ‘ದೆಪೊನೆ ದೆಕ್ಸ್‌ತ್ರಾ’ದಲ್ಲಿ ಕ್ರಿಯಾಪದವೇ ಮೊದಲು, ‘ಬಲ’ ಆಮೇಲೆ. ‘ಆದ್ ಕೊಂತೋ ಕ್ಲಿನಾ’ ಗ್ರೀಕಿನ ‘ಎಪಿ ದೊರು ಕ್ಲಿನೊನ್’ ಎಂಬುದರ ಪದಶಃ ಅನುವಾದವೆಂದು ನಮಗೆ ತೋರುತ್ತದೆ. ಹಾಗಿದ್ದಲ್ಲಿ ಅದರ ಪದಕ್ರಮ ಲ್ಯಾಟಿನ್ ಸೇನಾಭಾಷೆಯ ಬಗ್ಗೆ ಏನನ್ನೂ ಸಾಧಿಸಿಕೊಡುವುದಿಲ್ಲ.

ಮೈದಾನದಲ್ಲಿ ಕೂಗಲು ಏನಾದರೂ ಬೇಕೇ ಬೇಕು. ಕಲ್ಪಿತ ರೂಪಗಳ ಬಳಕೆ ನಮ್ಮ ತಕರಾರಲ್ಲ. ಮೂಲದ್ರಾವಿಡ ರೂಪಕ್ಕೆ ನಕ್ಷತ್ರಚಿಹ್ನೆಯಿಡದೆ ನಾವು ಒಂದು ಪುಟವನ್ನೂ ಬರೆಯುವುದಿಲ್ಲ. ಕವಾಯತಿನ ಪಟ್ಟಿಯಲ್ಲಾದರೋ ದಾಖಲಾದ ರೂಪ, ಕಥನದಿಂದ ಎತ್ತಿದ ರೂಪ, ಹೊಸದಾಗಿ ಟಂಕಿಸಿದ ರೂಪ ಮೂರೂ ಒಂದೇ ಅಚ್ಚಿನಲ್ಲಿರುತ್ತವೆ. ಪಡೆ ಸಲೀಸಾಗಿ ತಿರುಗಿತೆಂಬುದು ಆ ಚಲನೆ ಸಾಧ್ಯವೆಂಬುದಕ್ಕೆ ಪ್ರಮಾಣವೇ ಹೊರತು ಕೂಗಿದ ಪದಕ್ಕಲ್ಲ.

ಸ್ತರಗಳನ್ನು ಬೆರೆಸಿದರೆ ಆಗುವ ಗೊಂದಲಕ್ಕೆ ‘ಸ್ತ್ರಿಂಗೆರೆ’ ಧಾತುವೊಂದೇ ಸಾಕು. ಶಿಷ್ಟ ಲ್ಯಾಟಿನ್ನಿನಲ್ಲಿ ‘ಗ್ಲದಿಯುಮ್’ ಜತೆಗೂಡಿದಾಗ ಅದು ಕತ್ತಿ ಹಿರಿಯುವುದು. ‘ಸ್ಟ್ರಾಟೆಜಿಕಾನ್’ನ ‘ಆದ್ ಲಾತುಸ್ ಸ್ತ್ರಿಂಗೆ’ ಪಕ್ಕದವರತ್ತ ಒತ್ತಿ ಸಾಲು ಬಿಗಿಗೊಳಿಸುವ ಆಜ್ಞೆ. ಎರಡನ್ನೂ ಸೇರಿಸಿಕೊಂಡ ತಂಡದಲ್ಲಿ, ಗದ್ದಲದ ನಡುವೆ ‘ಸ್ತ್ರಿಂಗೆ’ ಎಂಬಷ್ಟೇ ಕಿವಿಗೆ ಬಿದ್ದ ಸೈನಿಕ ಕತ್ತಿ ಹಿರಿದು ಪಕ್ಕದವನ ಮೈಗೆ ಒತ್ತಿಕೊಳ್ಳಬೇಕಾಗುತ್ತದೆ.